ಸ್ಟ್ರಾಂಗ್ ರೂಮ್ ಕೀ ಕೊಟ್ಟು ರಜೆ ಹಾಕಿದ ಕಥೆ

ಮೇ 21ಕ್ಕೆ ಮತ್ತೆ ಡ್ಯೂಟಿಗೆ ಸೇರಿದೆ. ಅದಕ್ಕೂ ಮುಂಚೆ ಆತಂಕದ ಕಾಯಿಲೆಗೆ 47 ದಿನ ಸಿಕ್ ಲೀವಿನಲ್ಲಿದ್ದೆ. ಸೇರಿದ ವಾರದಲ್ಲೇ ಬೇರೆ ಬೇರೆ ಬ್ರಾಂಚಿನ ಮೂವರು ಫೋನ್ ಮಾಡಿದರು. ಮೂವರೂ ಮೊದಲು ಆರೋಗ್ಯ ವಿಚಾರಿಸಿದರು, ಆಮೇಲೆ ದನಿ ಇಳಿಸಿ ಒಂದೇ ಪ್ರಶ್ನೆ ಕೇಳಿದರು: "ಮೇಡಂ, ಸರ್ಟಿಫಿಕೇಟಿನಲ್ಲಿ ಏನಂತ ಬರೆಸಿದ್ರಿ?" ಮೂರು ಸಲ ಹೇಳಿದ್ದನ್ನೇ ಇಲ್ಲಿ ಬರೆದುಬಿಡೋಣ ಅನ್ನಿಸಿತು. ಬ್ಯಾಂಕಿನವರಿಗೆ ಜಾಸ್ತಿ ಉಪಯೋಗ ಆಗಬಹುದು. ಉಳಿದವರಿಗೂ ಆಸ್ಪತ್ರೆ, ಮಾತ್ರೆ, ಬಿಲ್ಲಿನ ವಿಷಯ ಒಂದೇ ಅಲ್ವಾ.

ನನ್ನದು ಸರ್ಕಾರಿ ಬ್ಯಾಂಕು, 17 ವರ್ಷದ ಸರ್ವೀಸು. ಮನೆ ಹಾಸನದಲ್ಲಿ. ಬ್ರಾಂಚು ಅಲ್ಲಿಂದ 40 ಕಿಲೋಮೀಟರ್ ದೂರದ ಒಂದು ಹೋಬಳಿ ಕೇಂದ್ರದಲ್ಲಿ. ನಾನೇ ಮ್ಯಾನೇಜರ್. ನನ್ನ ಜೊತೆ ಒಬ್ಬ ಆಫೀಸರು, ಒಬ್ಬ ಹೆಡ್ ಕ್ಯಾಷಿಯರು, ಒಬ್ಬ ಕ್ಲರ್ಕು. ಬೆಳಗ್ಗೆ 7.10ರ ಬಸ್ಸು, ರಾತ್ರಿ ಮನೆ ಸೇರುವಾಗ ಎಂಟೂವರೆ, ಒಂಬತ್ತು. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಅಂತ 2015ರಿಂದ ಇದೆ. ಆದರೆ ಜನವರಿಯಿಂದ ಮಾರ್ಚ್ ತನಕ ಆ ಶನಿವಾರಗಳೆಲ್ಲ ರಿಕವರಿಗೆ, ಕ್ಯಾಂಪಿಗೆ ಹೋಗುತ್ತವೆ.

ಕೆಲಸ ಕಷ್ಟ ಅಂತ ನಾನು ಹೇಳುತ್ತಿಲ್ಲ. ಲೋನ್ ಕೊಡೋದು, ವಸೂಲಿ ಮಾಡೋದು, ಅದೆಲ್ಲ ಕಲಿತ ಕೆಲಸ. ನನ್ನನ್ನು ತಿಂದಿದ್ದು ಸಂಜೆ ಆರಕ್ಕೆ ಮೇಲಧಿಕಾರಿಗಳ ವಿಡಿಯೋ ರಿವ್ಯೂ. ಬೆಳಗ್ಗೆ ಒಂದು ಲೆಕ್ಕ ಕಳಿಸಬೇಕು, ಮಧ್ಯಾಹ್ನ ಅದೇ ಲೆಕ್ಕ ಬೇರೆ ಫಾರ್ಮ್ಯಾಟಿನಲ್ಲಿ, ಸಂಜೆ ಅದನ್ನೇ ಬಾಯಲ್ಲಿ ಹೇಳಬೇಕು. ಒಂದು ದಿನ ಕೂತು ಎಣಿಸಿದೆ, ನನ್ನ ಫೋನಿನಲ್ಲಿ ಬ್ಯಾಂಕಿನದೇ 11 ವಾಟ್ಸಾಪ್ ಗ್ರೂಪ್ ಇದ್ದವು. ಸರ್ಕಾರದ ಯೋಜನೆಗಳಿಗೆ ಎಷ್ಟು ಜನರನ್ನು ಸೇರಿಸಿದ್ರಿ ಅಂತ ಲೆಕ್ಕ: 436 ರೂಪಾಯಿಯ ಜೀವನ್ ಜ್ಯೋತಿ ವಿಮೆ ಎಷ್ಟು, 20 ರೂಪಾಯಿಯ ಸುರಕ್ಷಾ ಬಿಮಾ ಎಷ್ಟು, ಅಟಲ್ ಪೆನ್ಷನ್ ಎಷ್ಟು, ಯಾವ ಸಾಲದ ಖಾತೆ ಕಂತು ಬಾರದೆ 90 ದಿನ ದಾಟಿ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗೋ ಹಾಗಿದೆ. ಸೊನ್ನೆ ಮಾಡಿದ ಬ್ರಾಂಚುಗಳ ಹೆಸರು ಕೆಂಪು ಬಣ್ಣದಲ್ಲಿ ಬರುತ್ತಿತ್ತು. ನನಗೆ ಬಸ್ಸಿನಲ್ಲಿ ಕೂತಾಗಲೂ ಆ ಕೆಂಪು ಬಣ್ಣವೇ ಕಣ್ಣಿಗೆ ಕಾಣುತ್ತಿತ್ತು.

ಮೈ ಮೊದಲೇ ಹೇಳಿತ್ತು, ನಾನು ಕೇಳಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗೋದು, ಆಮೇಲೆ ನಿದ್ದೆ ಇಲ್ಲ. ಕತ್ತು ಹಿಡಿದುಕೊಳ್ಳೋದು, ಹೊಟ್ಟೆ ಉಬ್ಬರ. ಆರು ವರ್ಷದಿಂದ ಹಾಕುತ್ತಿದ್ದ ಎಟಿಎಂ ಪಿನ್ ಮೆಷಿನ್ ಮುಂದೆ ಮರೆತುಹೋಯಿತು. ಫೆಬ್ರವರಿಯಲ್ಲಿ ಒಬ್ಬ ಅಜ್ಜ ಪಾಸ್‌ಬುಕ್ ಎಂಟ್ರಿ ಆಗಿಲ್ಲ ಅಂತ ಮೂರನೇ ಸಲ ಬಂದರು. ಪ್ರಿಂಟರ್ ಕೆಟ್ಟಿತ್ತು, ತಪ್ಪು ಅವರದ್ದಲ್ಲ. ನಾನು ಇಡೀ ಬ್ರಾಂಚು ತಿರುಗಿ ನೋಡುವ ಹಾಗೆ ಕಿರುಚಿದೆ. ಅಜ್ಜ ಪಾಸ್‌ಬುಕ್ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು, "ಇರ್ಲಿ ಬುಡವ್ವ" ಅಂತ ಹೋದರು. ನಾನು ಕ್ಯಾಶ್ ಇಡುವ ಸ್ಟ್ರಾಂಗ್ ರೂಮಿಗೆ ಹೋಗಿ ಅತ್ತೆ. ಅಲ್ಲಿ ಮಾತ್ರ ಯಾರೂ ಬರುವುದಿಲ್ಲ. ಅದರ ಬಾಗಿಲಿಗೆ ಎರಡು ಕೀ, ಒಂದು ನನ್ನ ಹತ್ತಿರ, ಒಂದು ಹೆಡ್ ಕ್ಯಾಷಿಯರ್ ಹತ್ತಿರ. ಎರಡೂ ಹಾಕಿದರೇ ಅದು ತೆರೆಯೋದು.

ಈ ಕೀ ವಿಷಯ ನೆನಪಿಟ್ಟುಕೊಳ್ಳಿ.

ಮಾರ್ಚ್ 6, ಗುರುವಾರ. ಬಸ್ಸು ಅರ್ಧ ದಾರಿ ಬಂದಿತ್ತು. ಎದೆ ಮೇಲೆ ಯಾರೋ ಕೂತ ಹಾಗಾಯಿತು. ಬೆರಳ ತುದಿ ಜುಮ್ ಅಂತು, ತುಟಿ ಒಣಗಿತು, ಉಸಿರು ಪೂರ್ತಿ ಒಳಗೆ ಹೋಗುತ್ತಲೇ ಇಲ್ಲ. ಹಾರ್ಟ್ ಅಟ್ಯಾಕ್ ಅಂದುಕೊಂಡೆ. ಕಂಡಕ್ಟರ್‌ಗೆ ಹೇಳಿ ಒಂದು ಸ್ಟಾಪಿನಲ್ಲಿ ಇಳಿದೆ, ಅಂಗಡಿ ಜಗಲಿ ಮೇಲೆ ಕೂತೆ. ನಮ್ಮ ಮನೆಯವರಿಗೆ ಫೋನ್ ಮಾಡೋಕೆ ಮೊದಲು ನಾನು ಫೋನ್ ಮಾಡಿದ್ದು ಯಾರಿಗೆ ಗೊತ್ತಾ? ಹೆಡ್ ಕ್ಯಾಷಿಯರಿಗೆ. "ಕೀ ನನ್ನ ಬ್ಯಾಗಲ್ಲಿದೆ, ಕ್ಯಾಶ್ ತೆಗೆಯೋಕೆ ಆಗಲ್ಲ" ಅಂತ. ಸಾಯ್ತೀನಿ ಅಂತ ಗ್ಯಾರಂಟಿ ಆಗಿದ್ದವಳಿಗೆ ಅದೇ ಚಿಂತೆ.

ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಇಸಿಜಿ, ರಕ್ತ ಪರೀಕ್ಷೆ, ಎಕೋ. ಅಷ್ಟರಲ್ಲಿ ಬ್ರಾಂಚಿನಲ್ಲಿ ಜನ ಸೇರಿದ್ದರು. ಕೀಯನ್ನು ಗಂಡನ ಕೈಲಿ ಕಳಿಸುವ ಹಾಗಿಲ್ಲ. ಡೂಪ್ಲಿಕೇಟ್ ಸೆಟ್ ಬೇರೆ ಬ್ರಾಂಚಿನಲ್ಲಿ ಇರುತ್ತೆ, ಅದನ್ನು ತರಿಸೋದು ಇನ್ನೂ ದೊಡ್ಡ ತಾಪತ್ರಯ. ಕೊನೆಗೆ ಕೀ ಆಫೀಸರ್ ಕೈಗೆ ಕೊಡಿ ಅಂತ ರೀಜನಲ್ ಆಫೀಸಿನಿಂದ ಮೇಲ್ ಬಂತು, ನಮ್ಮ ಆಫೀಸರ್ ಹುಡುಗ ಬೈಕಿನಲ್ಲಿ 40 ಕಿಲೋಮೀಟರ್ ಬಂದ. ಎಡಗೈಗೆ ಬಿಪಿ ಪಟ್ಟಿ ಕಟ್ಟಿದ್ದರು, ಅದು ಉಸ್ ಅಂತ ಉಬ್ಬುತ್ತಾ ಇತ್ತು. ಬಲಗೈಯಲ್ಲಿ ನಾನು ಕೀ ಹ್ಯಾಂಡೋವರ್ ಕಾಗದಕ್ಕೆ ಸಹಿ ಹಾಕಿದೆ. ಪಾಪ, ಆ ಹುಡುಗ ಸಮಯ ಬರೆಯೋದು ಮರೆತಿದ್ದ. ಸಮಯ ಬರೀಪ್ಪ, ಇನ್ಸ್‌ಪೆಕ್ಷನ್‌ನಲ್ಲಿ ಕೇಳ್ತಾರೆ ಅಂತ ನಾನೇ ಹೇಳಿದೆ. ನರ್ಸು ನಮ್ಮಿಬ್ಬರನ್ನೂ ಹುಚ್ಚರ ಹಾಗೆ ನೋಡಿದಳು.

ರಿಪೋರ್ಟ್ ಎಲ್ಲ ನಾರ್ಮಲ್. ಡಾಕ್ಟರು "ಹಾರ್ಟ್ ಚೆನ್ನಾಗಿದೆ, ಟೆನ್ಷನ್ ಕಮ್ಮಿ ಮಾಡ್ಕೊಳಿ" ಅಂದರು. ಬಿಲ್ಲು 6,400. 24 ಗಂಟೆ ಅಡ್ಮಿಟ್ ಆಗಿರಲಿಲ್ಲ, ಹಾಗಾಗಿ ಆ ದುಡ್ಡು ಇನ್ಶೂರೆನ್ಸಿನಲ್ಲಿ ವಾಪಸ್ ಬರಲಿಲ್ಲ. ಆದರೂ ನನಗೆ ಬೇಜಾರಿಲ್ಲ. ಎದೆ ಹಿಡಿದರೆ ಇದು ಗ್ಯಾಸು, ಇದು ಟೆನ್ಷನ್ನು ಅಂತ ನೀವೇ ತೀರ್ಮಾನ ಮಾಡಬೇಡಿ, ಮೊದಲು ಇಸಿಜಿ ಮಾಡಿಸಿ.

ಸೋಮವಾರ ಮತ್ತೆ ಬ್ರಾಂಚಿಗೆ ಹೋದೆ. ಅತ್ತೆ ದೃಷ್ಟಿ ತೆಗೆದಿದ್ದರು, ಚಿಕ್ಕಮ್ಮ ತಾಯತ ಕಳಿಸಿದ್ದರು. ಎರಡನ್ನೂ ಬೇಡ ಅನ್ನಲಿಲ್ಲ. ಆ ವಾರದ ಕೊನೆಗೆ ಒಂದು ರಾತ್ರಿ ಎರಡೂವರೆಗೆ ಎದ್ದು, ಅಡುಗೆಮನೆ ಬಾಗಿಲು ಹಾಕಿಕೊಂಡು 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆ ಇರುತ್ತೆ, ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಎರಡು ಸಲ ಕಟ್ ಮಾಡಿ ಮೂರನೇ ಸಲ ಮಾತಾಡಿದೆ. ಆ ಕಡೆ ಇದ್ದ ಹೆಣ್ಣುಮಗಳು ಆತುರ ಮಾಡಲಿಲ್ಲ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿದಳು. ಇಲ್ಲ ಅಂದೆ. ಆಮೇಲೆ, ದಾರಿಯಲ್ಲಿ ಒಂದು ಕೆರೆ ಏರಿ ಬರುತ್ತೆ, ಬಸ್ಸು ಉರುಳಿದರೆ ಇವತ್ತು ಬ್ರಾಂಚಿಗೆ ಹೋಗೋದು ತಪ್ಪುತ್ತೆ ಅನ್ನಿಸುತ್ತೆ ಅಂದೆ. ಅದನ್ನು ನಾನು ಅಲ್ಲಿ ತನಕ ನನಗೇ ಹೇಳಿಕೊಂಡಿರಲಿಲ್ಲ. ಆಕೆ ಸ್ವಲ್ಪ ಸುಮ್ಮನಿದ್ದು, "ಈ ವಾರದಲ್ಲೇ ಡಾಕ್ಟರನ್ನ ನೋಡಿ, ಮುಂದಿನ ತಿಂಗಳಿಗೆ ಹಾಕಬೇಡಿ" ಅಂದಳು. ಮನೆಯಲ್ಲಿ ಒಬ್ಬರಿಗಾದರೂ ಹೇಳಲೇಬೇಕು ಅಂದಳು. ನಿಮಗೂ ಇಂಥ ಯೋಚನೆ ಬರುತ್ತಿದ್ದರೆ ಆ ನಂಬರಿಗೆ ಇವತ್ತೇ ಮಾಡಿ, ನಾಳೆಗೆ ಇಡಬೇಡಿ. ನಾನು ಬೆಳಗ್ಗೆ ಕಾಫಿ ಕೊಡುವಾಗ ನಮ್ಮ ಮನೆಯವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು, ಸ್ಕೂಲಿಗೆ ರಜೆ ಹಾಕಿದರು.

ಮೊದಲು ತೋರಿಸಿದ ಡಾಕ್ಟರಿಂದ ನನಗೆ ಪ್ರಯೋಜನ ಆಗಲಿಲ್ಲ. ಖಾಸಗಿ ಕ್ಲಿನಿಕ್ಕು, ಎರಡು ಗಂಟೆ ಕಾದೆ, ಒಳಗೆ ಆರು ನಿಮಿಷ. ಫೀಸು 700, ಮಾತ್ರೆ 420. ಮಾತ್ರೆ ಏನು ಮಾಡುತ್ತೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ದಿನ ತಗೊಂಡೆ, ವಾಕರಿಕೆ ಬಂತು, ತಳಮಳ ಇನ್ನೂ ಜಾಸ್ತಿ ಆದ ಹಾಗಾಯಿತು, ಬಿಟ್ಟುಬಿಟ್ಟೆ. ಹಾಗೆ ನಾನೇ ನಿಲ್ಲಿಸಿದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು.

ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಮನೋಚೈತನ್ಯ ಅಂತ ಅದರ ಹೆಸರು. ನನಗೆ ಇದನ್ನು ಹೇಳಿದ್ದು ನಮ್ಮ ಆಶಾ ಕಾರ್ಯಕರ್ತೆ, ಆಕೆಯ ಖಾತೆ ನಮ್ಮಲ್ಲೇ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಬರುತ್ತಾರಾ, ಎಷ್ಟು ಹೊತ್ತಿಗೆ, ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ನಾನು ನಮ್ಮ ತಾಲ್ಲೂಕಿಗೆ ಹೋಗಲಿಲ್ಲ, ಪಕ್ಕದ ತಾಲ್ಲೂಕಿಗೆ ಹೋದೆ. ಬ್ಯಾಂಕ್ ಮೇಡಂ ತಲೆ ಡಾಕ್ಟರ್ ಹತ್ತಿರ ಕೂತಿದ್ದಳು ಅಂತ ಹೋಬಳಿಯಲ್ಲಿ ಸುದ್ದಿ ಆದರೆ ನಾಳೆ ಸಾಲ ವಸೂಲಿ ಮಾಡೋದು ಹೇಗೆ? ಸೆರಗು ತಲೆ ಮೇಲೆ ಹೊದ್ದು ಮಾಸ್ಕ್ ಹಾಕಿ ಹೋದೆ.

ಬೆಂಚಿನ ತುದಿಯಲ್ಲಿ ನಮ್ಮ ಬ್ರಾಂಚಿನ ಒಂದು ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಕೂತಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನಗೆ ವಾಪಸ್ ಓಡೋಣ ಅನ್ನಿಸಿತು. ಅವರು ತಮ್ಮ ಚೀಲ ಎತ್ತಿ ತೊಡೆ ಮೇಲೆ ಇಟ್ಟುಕೊಂಡು, "ಕೂತ್ಕಳಿ ಮೇಡಂ, ಹನ್ನೊಂದು ಆಯ್ತದೆ ಡಾಕ್ಟ್ರು ಬರೋದು" ಅಂದರು. ಎರಡು ವರ್ಷದಿಂದ ಬರುತ್ತಿದ್ದಾರಂತೆ. ಅವರೂ ಊರವರ ಕಣ್ಣು ತಪ್ಪಿಸಿ ಎರಡು ಬಸ್ಸು ಹತ್ತಿ ಇಲ್ಲಿ ತನಕ ಬರೋದು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕಿಟಕಿಯಲ್ಲಿ ಮಾತ್ರೆ ಕೊಡುತ್ತಾರೆ, ಎಲ್ಲ ಅವರೇ ತೋರಿಸಿದರು. ಬೇರೆ ಏನೂ ಕೇಳಲಿಲ್ಲ.

ಅಲ್ಲಿ ಡಾಕ್ಟರು ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಆದರೆ ಕೂರಿಸಿ ಹೇಳಿದರು. ಥೈರಾಯ್ಡ್, ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್ ಮೊದಲು ನೋಡೋಣ, ಅವು ಕೆಟ್ಟರೂ ಹೀಗೆ ಸುಸ್ತು, ಎದೆಬಡಿತ ಬರುತ್ತೆ ಅಂದರು. ಹೊರಗೆ ಲ್ಯಾಬಿನಲ್ಲಿ 2,300 ಆಯಿತು, ಬಿ12 ಕಮ್ಮಿ ಇತ್ತು. ಮಾತ್ರೆ ಅರ್ಧದಿಂದ ಶುರು ಮಾಡಿ, ತಿಂಡಿ ಆದಮೇಲೆ ತಗೊಳ್ಳಿ, ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳೆಸಬಹುದು, ನೀವಾಗಿ ನಿಲ್ಲಿಸಬೇಡಿ. ಇಷ್ಟೇ ಮಾತು. ಇದನ್ನೇ ಮೊದಲನೆಯವರು ಹೇಳಿದ್ದರೆ ನನಗೆ ಒಂದು ವಾರ ಉಳಿಯುತ್ತಿತ್ತು. ಮಾತ್ರೆ ಹೆಸರು ಬರೆಯುವುದಿಲ್ಲ, ಯಾರಾದರೂ ಮೆಡಿಕಲ್ ಸ್ಟೋರಿಗೆ ಹೋಗಿ ಕೇಳಿಬಿಡುತ್ತೀರಿ.

ಈಗ ಎಲ್ಲರೂ ಕೇಳುವ ಸರ್ಟಿಫಿಕೇಟ್ ವಿಷಯ. "ಬರ್ನ್‌ಔಟ್ ಅಂತ ಬರೆದುಕೊಡಿ ಡಾಕ್ಟ್ರೇ, ಕೇಳೋಕೆ ಸ್ವಲ್ಪ ಮರ್ಯಾದೆಯಾಗಿರುತ್ತೆ" ಅಂದೆ. ಅವರು ನಕ್ಕರು. ಬರ್ನ್‌ಔಟ್ ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗೋದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಇದೆಯಂತೆ, ಆದರೆ ಕೆಲಸಕ್ಕೆ ಸಂಬಂಧಪಟ್ಟ ಒಂದು ಸ್ಥಿತಿ ಅಂತ, ಕಾಯಿಲೆ ಅಂತ ಅಲ್ಲ. ಹಾಗಾಗಿ ಅದರ ಮೇಲೆ ಸಿಕ್ ಲೀವ್ ಸಿಗುವುದಿಲ್ಲ. ಅವರು ಬರೆದಿದ್ದು ಪ್ಯಾನಿಕ್ (ಬಸ್ಸಿನಲ್ಲಿ ಆದ ಹಾಗೆ ಇದ್ದಕ್ಕಿದ್ದಂತೆ ಭಯ ಹಿಡಿಯೋದು) ಇರುವ ಆತಂಕದ ಕಾಯಿಲೆ ಅಂತ. ಗೆಳತಿಯೊಬ್ಬಳು "ಬೆನ್ನು ನೋವು ಅಂತ ಬರೆಸು, ಯಾರೂ ಕೇಳಲ್ಲ" ಅಂದಿದ್ದಳು. ಒಂದು ರಾತ್ರಿ ಅದನ್ನೂ ಯೋಚಿಸಿದೆ, ಸುಳ್ಳು ಹೇಳಲ್ಲ. ಆದರೆ ಮಾತ್ರೆ ಚೀಟಿ ಒಂದು ಹೇಳಿ ರಜೆ ಚೀಟಿ ಇನ್ನೊಂದು ಹೇಳಿದರೆ ಬಿಲ್ಲು ಕ್ಲೈಮ್ ಮಾಡುವಾಗ ಸಿಕ್ಕಿಬೀಳುತ್ತೀವಿ, ವಾಪಸ್ ಸೇರುವಾಗ ಫಿಟ್‌ನೆಸ್ ಸರ್ಟಿಫಿಕೇಟೂ ಅದೇ ಸುಳ್ಳನ್ನು ಹೇಳಬೇಕಾಗುತ್ತೆ. ಇದ್ದದ್ದು ಇದ್ದ ಹಾಗೆ ಬರೆಸಿ.

ರಜೆ ಅರ್ಜಿ ಕೊಟ್ಟಿದ್ದು ಮಾರ್ಚ್ 26ಕ್ಕೆ. "ಮಾರ್ಚ್‌ನಲ್ಲಾ?" ಅಂತ ಬಂತು ಮೊದಲ ಫೋನು. ಆಮೇಲೆ "ಕ್ಲೋಸಿಂಗ್ ಮುಗೀಲಿ ಮೇಡಂ", ಅಂದರೆ ಮಾರ್ಚ್ ಕೊನೆಯ ವರ್ಷದ ಲೆಕ್ಕ. ಆಮೇಲೆ "ಬದಲಿ ಯಾರೂ ಇಲ್ಲ". ನನ್ನನ್ನು ಬಿಡುಗಡೆ ಮಾಡಿದ್ದು ಏಪ್ರಿಲ್ 3ರ ಸಂಜೆ. ಎಂಟು ದಿನ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರಿಗೆ ಆರ್‌ಬಿಐ ಕಡ್ಡಾಯ ರಜೆಯ ನಿಯಮ ಇಟ್ಟಿದೆ. 2021ರ ಜುಲೈನ ಸುತ್ತೋಲೆ ಪ್ರಕಾರ ವರ್ಷಕ್ಕೆ ಒಂದು ಸಲ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ, ಮುಂಚೆ ತಿಳಿಸದೆ ಕಳಿಸಬೇಕು. ಆಗ ಮೇಲ್ ಒಂದು ಬಿಟ್ಟು ಕೆಲಸದ ಯಾವುದನ್ನೂ ಮುಟ್ಟುವ ಹಾಗಿಲ್ಲ. ನಾವು ದಣಿದಿದ್ದೇವೆ ಅಂತ ಅಲ್ಲ, ಏನಾದರೂ ಮೋಸ ಮಾಡಿದ್ದರೆ ನಾವಿಲ್ಲದಾಗ ಹೊರಗೆ ಬರಲಿ ಅಂತ. ಹೋದ ವರ್ಷ ನನಗೆ ಆ ಮೇಲ್ ಮಧ್ಯಾಹ್ನ ಬಂತು, ಸಂಜೆ ಬದಲಿ ಮ್ಯಾನೇಜರ್ ಬಂದು ಕೀ ತಗೊಂಡರು. ನಾಲ್ಕು ಗಂಟೆಯಲ್ಲಿ ಎಲ್ಲ ಮುಗಿದಿತ್ತು. ಕಳ್ಳಿ ಇರಬಹುದು ಅಂದರೆ ನಾಲ್ಕು ಗಂಟೆಯಲ್ಲಿ ಬದಲಿ ಸಿಗುತ್ತಾರೆ. ಕಾಯಿಲೆ ಅಂದರೆ ಎಂಟು ದಿನ. ಈ ಮಾತನ್ನು ಅರ್ಜಿಯಲ್ಲಿ ಬರೆದಿದ್ದೆ, ನಮ್ಮ ಮನೆಯವರು ಹೊಡೆದುಹಾಕಿಸಿದರು. ಆದರೂ ಫೋನಿನಲ್ಲಿ ಹೇಳಿದೆ. ಮಾರನೇ ದಿನ ರಿಲೀವಿಂಗ್ ಮೇಲ್ ಬಂತು.

ರಜೆ ಲೆಕ್ಕ ಹೀಗೆ. ನಮಗೆ ಸರ್ವೀಸಿನ ಒಂದು ವರ್ಷಕ್ಕೆ 30 ದಿನದ ಹಾಗೆ ಸಿಕ್ ಲೀವ್ ಸೇರುತ್ತೆ, ಅದಕ್ಕೊಂದು ಮಿತಿ ಇದೆ. ಈ ರಜೆ ಅರ್ಧ ಸಂಬಳದ್ದು. ಪೂರ್ತಿ ಸಂಬಳ ಬೇಕು ಅಂದರೆ ಕೇಳಿ ಬರೆದುಕೊಡಬೇಕು, ಆಗ ಖಾತೆಯಿಂದ ಎರಡರಷ್ಟು ದಿನ ಕಳೆಯುತ್ತಾರೆ. ನನ್ನ 47 ದಿನಕ್ಕೆ 94 ದಿನ ಹೋಯಿತು. ಮಗಳು ಎಸ್ಎಸ್ಎಲ್‌ಸಿ ಮುಗಿಸಿದ ವರ್ಷ, ಪಿಯುಸಿ ಫೀಸು ಕಟ್ಟಬೇಕಿತ್ತು, ಅರ್ಧ ಸಂಬಳ ಆಗುತ್ತಿರಲಿಲ್ಲ. ಡಾಕ್ಟರು ಒಂದೇ ಸಲ ಎರಡು ತಿಂಗಳಿಗೆ ಬರೆಯುವುದಿಲ್ಲ, 15 ದಿನಕ್ಕೆ ಬರೆದು ಮುಂದುವರಿಸುತ್ತಾರೆ. ಹಾಗಾಗಿ ಅವಧಿ ಮುಗಿಯುವ ಎರಡು ದಿನ ಮುಂಚೆಯೇ ಮುಂದಿನ ಸರ್ಟಿಫಿಕೇಟ್ ಮೇಲ್ ಮಾಡಿ. ಒಂದು ಸಲ ನಾನು ಒಂದು ದಿನ ತಡ ಮಾಡಿದೆ, ಅದಕ್ಕೇ ವಿವರಣೆ ಕೇಳಿದರು.

ಇನ್ಶೂರೆನ್ಸಿಗೆ ಬರೋಣ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮೈಯ ಕಾಯಿಲೆಗೆ ಇರುವ ಹಾಗೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಹೊರಗೆ ಕೊಂಡ ಪಾಲಿಸಿಗಳಲ್ಲಿ ಹೆಚ್ಚಿನವು ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ನಮ್ಮ ಬ್ಯಾಂಕ್ ನೌಕರರ ಗುಂಪು ಪಾಲಿಸಿಯಲ್ಲಿ ಮನೆಯಲ್ಲೇ ಇದ್ದು ಔಷಧಿ ತಗೊಳ್ಳುವ ಕಾಯಿಲೆಗಳ ಒಂದು ಪಟ್ಟಿ ಇದೆ, ಅದರಲ್ಲಿ ಮನೋರೋಗ, ಸೈಕೋಥೆರಪಿ ಎರಡೂ ಇವೆ. 17 ವರ್ಷದಲ್ಲಿ ನಾನು ಆ ಪಟ್ಟಿ ಓದಿರಲೇ ಇಲ್ಲ. ಚೀಟಿಯಲ್ಲಿ ಎಷ್ಟು ದಿನಕ್ಕೆ ಅಂತ ಬರೆಯದಿದ್ದರೆ ಅದು 90 ದಿನಕ್ಕೆ ಮಾತ್ರ ನಡೆಯುತ್ತೆ. ಕಾಯಿಲೆ ಹೆಸರು ಚೀಟಿಯಲ್ಲಿ ಇರಲೇಬೇಕು. ಮೊದಲ ಕ್ಲಿನಿಕ್ಕಿನ ಚೀಟಿಯಲ್ಲಿ ಅದು ಇರಲಿಲ್ಲ, ಆ 1,120 ರಿಜೆಕ್ಟ್ ಆಯಿತು. ಕೌನ್ಸೆಲಿಂಗಿಗೆ ಹಾಸನದಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಆರು ಸಲ ಹೋದೆ, ಸಲಕ್ಕೆ ಸಾವಿರ. ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ರಸೀದಿ ಮೇಲೆ ಬರೆಸಿಕೊಂಡಿದ್ದೆ, ಡಾಕ್ಟರ ಶಿಫಾರಸು ಪತ್ರ ಇತ್ತು, ದುಡ್ಡು ಬಂತು. ಒಟ್ಟು 16 ಸಾವಿರದ ಹತ್ತಿರ ಖರ್ಚಾಗಿ 8,300 ವಾಪಸ್ ಬಂತು.

ರಜೆಯ ಮೊದಲ ವಾರ ಬರೀ ನಿದ್ದೆ, ಮಧ್ಯೆ ಮಧ್ಯೆ ಅಪರಾಧಿ ಭಾವ. ನೆಂಟರು ಬಂದರೆ ರೂಮಿಗೆ ಹೋಗಿಬಿಡುತ್ತಿದ್ದೆ. 11 ಗ್ರೂಪಿನಿಂದಲೂ ಹೊರಗೆ ಬಂದೆ. ಮ್ಯೂಟ್ ಮಾಡಿದರೆ ಸಾಕಾಗಲ್ಲ, ತೆಗೆದು ನೋಡುತ್ತೀವಿ. ಮೂರನೇ ವಾರದಲ್ಲಿ ಒಂದು ದಿನ ಮಧ್ಯಾಹ್ನ ಹುರುಳಿಕಾಳು ಸಾರಿನಲ್ಲಿ ಎರಡನೇ ಮುದ್ದೆ ಹಾಕಿಸಿಕೊಂಡೆ. ಅತ್ತೆ ಸೌಟು ಹಿಡಿದು ನಿಂತೇ ಇದ್ದರು, ಏನೂ ಹೇಳಲಿಲ್ಲ, ಮಗಳ ಕಡೆ ನೋಡಿದರು. ಮಾತ್ರೆ ಕೆಲಸ ಮಾಡುತ್ತಿದೆ ಅಂತ ನನಗೆ ಗೊತ್ತಾಗಿದ್ದು ಆಗ.

ಸೈಕಾಲಜಿಸ್ಟ್ ಮೇಡಂ ಉಸಿರಾಟ ಹೇಳಿಕೊಟ್ಟರು. ಸುಮ್ನೆ ಟೈಂ ವೇಸ್ಟ್ ಅಂದುಕೊಂಡಿದ್ದೆ, ಬಸ್ಸಿನಲ್ಲಿ ಅದು ಉಪಯೋಗಕ್ಕೆ ಬರುತ್ತೆ, ಒಪ್ಪುತ್ತೀನಿ. ಅದಕ್ಕಿಂತ ಉಪಯೋಗ ಆಗಿದ್ದು ಇನ್ನೊಂದು. ಹಳೇ ಕಾಲ್ ಲಿಸ್ಟ್ ತೆಗೆಸಿ, ಒಂದು ವಾರದಲ್ಲಿ ಸಂಜೆ ಏಳರ ಮೇಲೆ ಬಂದ ಕರೆಗಳನ್ನು ಬರೆಸಿದರು. 62 ಇದ್ದವು. ಅದರಲ್ಲಿ ಅದೇ ರಾತ್ರಿ ಉತ್ತರ ಕೊಡಲೇಬೇಕಾಗಿದ್ದು ಎಷ್ಟು ಅಂತ ಗುರುತು ಹಾಕಿಸಿದರು. 9. ಉಳಿದ 53 ಬೆಳಗಿನ ತನಕ ಕಾಯಬಹುದಿತ್ತು. ಆ ಹಾಳೆ ಈಗಲೂ ನನ್ನ ಡ್ರಾಯರಿನಲ್ಲಿದೆ.

ಸೇರುವ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದೆ ಲಾಗಿನ್ ಕೊಡುವುದಿಲ್ಲ, ಅದನ್ನು ಹಿಂದಿನ ದಿನವೇ ಮಾಡಿಸಿಕೊಳ್ಳಿ. ಹಾಸನದ ಹತ್ತಿರಕ್ಕೆ ವರ್ಗ ಕೇಳಿದ್ದೇನೆ, ಬರೆದುಕೊಡಿ ನೋಡೋಣ ಅಂದಿದ್ದಾರೆ. ಟಾರ್ಗೆಟ್ ಹಾಗೇ ಇದೆ. ಆರರ ರಿವ್ಯೂಗೆ ಕೂರುತ್ತೀನಿ, ಏಳಕ್ಕೆ ಬ್ಯಾಂಕಿನ ಫೋನು ಆಫ್. ಬೆಂಕಿ ಬಿದ್ದರೆ, ಕಳ್ಳತನ ಆದರೆ ಮಾಡಿ ಅಂತ ಮನೆ ನಂಬರನ್ನು ಹೆಡ್ ಕ್ಯಾಷಿಯರಿಗೆ ಕೊಟ್ಟಿದ್ದೇನೆ. ಇಲ್ಲಿ ತನಕ ಬಂದಿಲ್ಲ. ಒಬ್ಬ ಮೇಲಧಿಕಾರಿ ಈ ಬಗ್ಗೆ ಗೊಣಗಿದರು, ನಾನು ಆ 62ರ ಹಾಳೆಯ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ. ಅಜ್ಜನ ಪಾಸ್‌ಬುಕ್ಕು ನಾನೇ ಎಂಟ್ರಿ ಹಾಕಿಸಿಟ್ಟಿದ್ದೇನೆ, ಅವರು ಇನ್ನೂ ಬಂದಿಲ್ಲ. ಪ್ರಿಂಟರ್ ರಿಪೇರಿ ಆಗಿದೆ. ಮಾತ್ರೆ ಇನ್ನೂ ಕೆಲವು ತಿಂಗಳು ಇದೆ.

ನಿನ್ನೆ ಆ ಸಂಘದ ಅಧ್ಯಕ್ಷೆ ಕಂತು ಕಟ್ಟೋಕೆ ಬಂದಿದ್ದರು. ಕ್ಯಾಶ್ ಕೌಂಟರಿನಲ್ಲಿ ರಸೀದಿ ಇಸಕೊಂಡು ನನ್ನ ಕ್ಯಾಬಿನ್ ಬಾಗಿಲಿಗೆ ಬಂದರು. ಹಿಂದೆ ಸಂಘದ ನಾಲ್ಕು ಜನ ನಿಂತಿದ್ದರು. ಲೋನ್ ರಿನ್ಯೂವಲ್ ಬಗ್ಗೆ ಜೋರಾಗಿ ಎರಡು ಮಾತು ಕೇಳಿದರು. ಆಮೇಲೆ ಫಾರಂ ತಗೊಳ್ಳೋಕೆ ಬಗ್ಗಿದ ಹಾಗೆ ಮಾಡಿ ಮೆಲ್ಲಗೆ, "ಮಂಗಳವಾರ ಎಂಟೂವರೆ ಬಸ್ಸು ನಿಂತೋಗದೆ ಮೇಡಂ, ಎಂಟರದ್ದಕ್ಕೇ ಬಂದ್ಬುಡಿ, ಜಾಗ ಹಿಡಿದಿರ್ತೀನಿ" ಅಂದರು.